ಅಮೆರಿಕದ ಕಾಲೇಜಿನ ಮೀಲ್ ಪ್ಲಾನ್ ಆರಿಸುವ ಮುನ್ನ ನಿಯಮಗಳನ್ನು ಓದಿ

ಪದವಿ ಓದಲು ಅಮೆರಿಕಕ್ಕೆ ಹೊರಟಿರುವ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ವಸತಿಯ ಅರ್ಜಿ ತುಂಬುವ ಮೊದಲೇ ಇದನ್ನು ಓದಬೇಕೆಂದು ನನ್ನ ವಿನಂತಿ. ಮೊದಲ ವರ್ಷ ಕ್ಯಾಂಪಸ್ಸಿನ ಹಾಸ್ಟೆಲಿನಲ್ಲಿ ಇರುವವರು ಮೀಲ್ ಪ್ಲಾನ್, ಅಂದರೆ ಕಾಲೇಜಿನ ಡೈನಿಂಗ್ ಹಾಲಿನಲ್ಲಿ ಉಣ್ಣಲು ಮುಂಗಡ ಹಣ ಕಟ್ಟುವ ಯೋಜನೆ, ಕೊಳ್ಳುವುದು ಅಲ್ಲಿಯ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಕಡ್ಡಾಯ. ಆದರೆ ಇಂಥದೇ ಪ್ಲಾನ್ ಆಗಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇರುವುದಿಲ್ಲ. ನನ್ನ ಅರ್ಜಿಯಲ್ಲಿ ವಾರಕ್ಕೆ 14 ಊಟಗಳ ಪ್ಲಾನ್‌ಗೆ ಮೊದಲೇ ಗುರುತು ಹಾಕಿಡಲಾಗಿತ್ತು. ಅದಕ್ಕಿಂತ ಕಡಿಮೆ ಬೆಲೆಯವು ಬೇರೊಂದು ಪುಟದಲ್ಲಿದ್ದವು.

ಹಣವನ್ನು ಇಡೀ ಸೆಮಿಸ್ಟರಿಗೆ ಮುಂಗಡವಾಗಿ ಕಟ್ಟಿಸಿಕೊಳ್ಳುತ್ತಾರೆ, ಇಂಥ ವಾರದ ಪ್ಲಾನಿನಲ್ಲಿ ಊಟದ ಲೆಕ್ಕವನ್ನು ಮಾತ್ರ ವಾರವಾರವೂ ಅಳಿಸಿಹಾಕುತ್ತಾರೆ. ಶನಿವಾರ ರಾತ್ರಿ ಡೈನಿಂಗ್ ಹಾಲಿನ ಬಾಗಿಲಲ್ಲಿ ಕಾರ್ಡ್ ಉಜ್ಜಿದಾಗ ಯಂತ್ರದ ಪರದೆಯ ಮೇಲೆ ಇನ್ನೂ 6 ಸ್ವೈಪ್ (ಒಂದು ಸ್ವೈಪ್ ಎಂದರೆ ಒಂದು ಊಟ) ಉಳಿದಿವೆ ಎಂದು ಕಾಣುತ್ತಿತ್ತು. ಭಾನುವಾರ ಬೆಳಿಗ್ಗೆ ಅದೇ ಪರದೆ ಮತ್ತೆ 14 ತೋರಿಸುತ್ತಿತ್ತು, ಹಿಂದಿನ ಆರಕ್ಕೆ ಗುರುತೇ ಇರುತ್ತಿರಲಿಲ್ಲ. ಒಂದು ಹೊತ್ತಿಗೆ ಒಂದೇ ಸ್ವೈಪ್, ಸ್ನೇಹಿತರಿಗೆ ಕೊಡುವಂತಿಲ್ಲ, ಡಬ್ಬಿಗೆ ಹಾಕಿಕೊಂಡು ಹೊರಗೆ ಒಯ್ಯುವಂತಿಲ್ಲ. ಊರಿಗೆ ಹೋಗುವಾಗ ಮೊದಲೇ ತಿಳಿಸಿದರೆ ಅಷ್ಟು ದಿನಗಳ ಮೆಸ್ ಬಿಲ್ ಕಡಿತವಾಗುವ ನಮ್ಮ ಕೆಲವು ಹಾಸ್ಟೆಲುಗಳ ಪದ್ಧತಿಯನ್ನು ಅಲ್ಲಿ ನಿರೀಕ್ಷಿಸಬೇಡಿ.

ಆದ್ದರಿಂದ ಪ್ಲಾನಿನ ಬೆಲೆಯನ್ನು ನೀವು ನಿಜವಾಗಿ ಉಣ್ಣುವ ಊಟಗಳಿಂದ ಭಾಗಿಸಿ ನೋಡಬೇಕು. ಉದಾಹರಣೆಗೆ, 15 ವಾರಗಳ ಸೆಮಿಸ್ಟರಿಗೆ 2,800 ಡಾಲರ್ ಎಂದಿಟ್ಟುಕೊಂಡರೆ, ವಾರಕ್ಕೆ 14ರಂತೆ 210 ಊಟಗಳಾಗಿ ಒಂದಕ್ಕೆ 13 ಡಾಲರಿಗೆ ತುಸು ಹೆಚ್ಚು ಬೀಳುತ್ತದೆ. ವಾರಕ್ಕೆ ಎಂಟೇ ಉಂಡರೆ ಅದೇ ಊಟ 23 ಡಾಲರ್ ದಾಟುತ್ತದೆ. ಶಿಕ್ಷಣ ಸಾಲ ಮಾಡಿ ಕಳಿಸಿದ ಮನೆಯವರಿಗೆ ಈ ವ್ಯತ್ಯಾಸದ ಮೇಲೂ ಬಡ್ಡಿ ಬೆಳೆಯುತ್ತದೆ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಸಸ್ಯಾಹಾರಿಗಳಿಗೆ ಎಂಟು ಊಟವೂ ಸುಲಭವಲ್ಲ. ಹಸಿರು ಎಲೆಯ ಗುರುತಿದ್ದ ಬೇಳೆಯ ಸೂಪನ್ನು ನಾನು ನೆಮ್ಮದಿಯಿಂದ ಕುಡಿಯುತ್ತಿದ್ದೆ. ಅಡುಗೆಯವರೊಬ್ಬರನ್ನು ವಿಚಾರಿಸಿದಾಗ ಆ ದಿನ ಅದಕ್ಕೆ ಕೋಳಿ ಬೇಯಿಸಿದ ನೀರನ್ನು ಹಾಕಿದ್ದಾರೆಂದು ತಿಳಿಯಿತು. ಅನ್ನವನ್ನೂ ಅದೇ ನೀರಿನಲ್ಲಿ ಬೇಯಿಸುವುದುಂಟು, ಸಲಾಡಿಗೆ ಹಾಕುವ ಸೀಸರ್ ಡ್ರೆಸ್ಸಿಂಗಿನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿರುತ್ತದೆ, ಮೊಸರಿನ ಕೆಲವು ಬಗೆಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರುತ್ತದೆ. ಇವನ್ನೆಲ್ಲ ಬಿಟ್ಟ ಮೇಲೆ ಉಳಿಯುವುದು ಪಾಸ್ತಾ, ಸಲಾಡ್, ಪೀಟ್ಜಾ ಮತ್ತು ಹಣ್ಣು. ಏಕಾದಶಿಯ, ಸಂಕಷ್ಟಿಯ ಉಪವಾಸ ಮಾಡುವವರ ಸ್ವೈಪುಗಳು ಇನ್ನಷ್ಟು ವ್ಯರ್ಥ. ಹಾಸ್ಟೆಲಿನ ಕೋಣೆಯಲ್ಲಿ ಅನ್ನದ ಕುಕ್ಕರಿಗಾಗಲಿ ವಿದ್ಯುತ್ ಒಲೆಗಾಗಲಿ ಹಲವೆಡೆ ಅನುಮತಿಯಿಲ್ಲದ್ದರಿಂದ, ಸಾಮೂಹಿಕ ಅಡುಗೆಮನೆ ಇದೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

ಇನ್ನೊಂದು ವಿಷಯವನ್ನು ಯಾರೂ ನಮಗೆ ಹೇಳಿರಲಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು, ಮತ್ತು ನಮ್ಮವರಿಗೆ ಮೊದಲು ಸಿಗುವ ಕೆಲಸ ಹೆಚ್ಚಾಗಿ ಡೈನಿಂಗ್ ಹಾಲಿನದೇ. ನಾನು ದುಡಿದಲ್ಲಿ ಪ್ರತಿ ಪಾಳಿಗೂ ಒಂದು ಊಟ ಉಚಿತವಾಗಿತ್ತು. ಹೀಗೆ ಕೆಲಸದ ದಿನ ಉಚಿತವಾಗಿ ಸಿಗುವ ಊಟಕ್ಕೇ ಪ್ಲಾನಿನಲ್ಲಿ ಮೊದಲೇ ಹಣ ಕಟ್ಟಿಯಾಗಿತ್ತು.

ಪ್ಲಾನ್ ಇಳಿಸಿಕೊಡಿ ಎಂದು ಕಚೇರಿಗೆ ಹೋದಾಗ ಗಡುವು ಮುಗಿದಿದೆಯೆಂದೂ, ಇನ್ನು ದೊಡ್ಡ ಪ್ಲಾನಿಗೆ ಏರಬಹುದೇ ಹೊರತು ಇಳಿಯಲಾಗದೆಂದೂ ಉತ್ತರ ಬಂತು. ಆ ಗಡುವು ಸೆಮಿಸ್ಟರಿನ ಎರಡನೆಯ ವಾರಕ್ಕೇ ಮುಗಿದಿತ್ತು. ಬ್ಯಾಂಕ್ ಖಾತೆ, ಫೋನ್, ಕೋರ್ಸುಗಳ ನೋಂದಣಿ ಎಂದು ಹೊಸ ದೇಶದಲ್ಲಿ ಓಡಾಡುವ ವಿದ್ಯಾರ್ಥಿಗೆ ಅಷ್ಟರೊಳಗೆ ತನ್ನ ಊಟದ ಅಳತೆ ತಿಳಿಯುವುದಾದರೂ ಹೇಗೆ? ಈ ನಿಯಮ ಅನ್ಯಾಯದ್ದೆಂದೇ ನನ್ನ ಅಭಿಪ್ರಾಯ.

ಪ್ಲಾನಿನ ಜೊತೆ ಕಾರ್ಡಿಗೆ ಸೇರುವ ಡೈನಿಂಗ್ ಡಾಲರ್ ಎಂಬ ಹಣದ ಲೆಕ್ಕ ಬೇರೆ. ಕ್ಯಾಂಪಸ್ಸಿನ ಕಾಫಿ ಅಂಗಡಿಗಳಲ್ಲಿ ಖರ್ಚು ಮಾಡಬಹುದಾದ ಇದು ಹಲವೆಡೆ ಮುಂದಿನ ಸೆಮಿಸ್ಟರಿಗೆ ಸಾಗುತ್ತದಾದರೂ ವರ್ಷಾಂತ್ಯಕ್ಕೆ ರದ್ದಾಗುತ್ತದೆ. ನವೆಂಬರಿನ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅನೇಕ ಡೈನಿಂಗ್ ಹಾಲುಗಳು ಮುಚ್ಚುತ್ತವೆ. ಊರಿಗೆ ಹೋಗಲಾಗದ ನಾವು ಆ ದಿನಗಳಿಗೆ ದಿನಸಿ ತಂದಿಟ್ಟುಕೊಳ್ಳಬೇಕಾಯಿತು.

ನಿಮ್ಮ ಕಾಲೇಜಿನಲ್ಲಿ ಸೆಮಿಸ್ಟರಿಗೆ ಇಂತಿಷ್ಟು ಊಟ ಎಂಬ ಬ್ಲಾಕ್ ಪ್ಲಾನ್ ಇದ್ದು ಮೊದಲ ವರ್ಷದವರಿಗೂ ಅವಕಾಶವಿದ್ದರೆ ಅದನ್ನೇ ನೋಡಿ, ಏಕೆಂದರೆ ಅದರಲ್ಲಿ ಉಳಿದ ಊಟ ವಾರಾಂತ್ಯಕ್ಕೆ ಸಾಯುವುದಿಲ್ಲ. ಇಲ್ಲವಾದರೆ ಅನುಮತಿಯಿರುವ ಅತಿ ಚಿಕ್ಕ ಪ್ಲಾನಿನಿಂದ ಶುರುಮಾಡಿ, ಬೇಕೆನಿಸಿದರೆ ಆಮೇಲೆ ಏರಿಸಿಕೊಳ್ಳಿ. ಎಂ.ಎಸ್. ಎಂಬ ಸ್ನಾತಕೋತ್ತರ ಪದವಿ ಓದಲು ಹೋಗುವವರಿಗೆ ಸಾಮಾನ್ಯವಾಗಿ ಈ ಕಡ್ಡಾಯವೇ ಇರುವುದಿಲ್ಲ. ಧಾರ್ಮಿಕ ಅಥವಾ ವೈದ್ಯಕೀಯ ಕಾರಣಕ್ಕೆ ವಿನಾಯಿತಿ ಕೊಡುವ ಕಾಲೇಜುಗಳೂ ಇವೆ. ಅದಕ್ಕೆ ಬೇಕಾದ ಪತ್ರಗಳನ್ನು ಊರಿನಿಂದ ಹೊರಡುವ ಮೊದಲೇ ಮಾಡಿಸಿಕೊಂಡು, ಸ್ವೈಪ್ ಯಾವಾಗ ರದ್ದಾಗುತ್ತದೆ, ಪ್ಲಾನ್ ಇಳಿಸಲು ಕೊನೆಯ ದಿನ ಯಾವುದು ಎಂಬೆರಡು ಪ್ರಶ್ನೆಗಳಿಗೆ ಡೈನಿಂಗ್ ಕಚೇರಿಯಿಂದ ಇಮೇಲಿನಲ್ಲಿ ಉತ್ತರ ತರಿಸಿಕೊಂಡ ಮೇಲೆಯೇ ಹಣ ಕಟ್ಟಿ.