ಸಾಮಾನ ನಮ್ದು, ಭಟ್ಟಿ ಅವರ್ದು: ಮನ್ಯಾಗೇ ಕ್ರಿಸ್ಮಸ್ ಮಾಡೋರಿಗೆ ಬೀದರದ ಒಂದು ಬೇಕರಿ

ಬೋರ್ಡ್ ನೋಡ್ಕೊಂಡು ಹೋದ್ರ ಸಿಗೋ ಬೇಕರಿ ಅಲ್ರಿ ಇದು. ಹಳೇ ಊರಾಗ ಚೌಬಾರಾ ಬುರುಜಿನಿಂದ ಜರಾ ಮುಂದ ಹೋಗಿ ಗಲ್ಲಿಯಾಗ ತಿರುಗಬೇಕು, ಖಾರಿ ಬಿಸ್ಕಿಟಿನ ವಾಸನಿ ಬಂತಂದ್ರ ಅದೇ. ಮುಂದ ಎರಡು ಗಾಜಿನ ಕಪಾಟ, ಒಳಗ ಕಟ್ಟಿಗಿ ಭಟ್ಟಿ, ಕುಂದ್ರಲಿಕ್ಕೆ ಜಾಗಾ ಇಲ್ಲ. ಆದ್ರ ಮೈದಾ, ಸಕ್ಕರಿ, ಬೆಣ್ಣಿ, ತತ್ತಿ ನೀವೇ ಒಯ್ದು ಕೊಟ್ರ ಕಣ್ಣ ಮುಂದೇ ಕಲಸಿ ಭಟ್ಟಿಯಾಗಿಟ್ಟು ತಗದು ಕೊಡ್ತಾರ, ಮಜೂರಿ ಅಷ್ಟೇ ತಗೋತಾರ. ನಮ್ಮ ಕಡಿ ನಾನಖಟಾಯಿ ಬಿಸ್ಕಿಟ್ ಹಿಂಗ ಮಾಡಿಸೋದು ಎಲ್ಲಾರಿಗೂ ಗೊತ್ತದ, ಕೇಕ್ ಬಿ ಮಾಡಿಸಬಹುದು ಅನ್ನೋದು ಭಾಳ ಮಂದಿಗಿ ನೆನಪೇ ಇಲ್ಲ, ಅದಕ್ಕೇ ಬರೀಲಿಕತ್ತೀನಿ.

ನಮ್ಮನಿ ಕ್ರಿಸ್ಮಸ್ ಅಂದ್ರ ಸಿಕಂದರಾಬಾದದ ದೊಡ್ಡಪ್ಪನ ಮನಿ ಅಂತ ಫಿಕ್ಸ್ ಆಗಿತ್ತು. ರಜಾ ರಶ್ಶಿನ್ಯಾಗ ಬಸ್ ಹಿಡದು ಹೋಗೋದು, ಹಾಲಿನ್ಯಾಗ ಸಾಲಾಗಿ ಚಾಪಿ ಹಾಕ್ಕೊಂಡು ಮಲಗೋದು, ಮುಂಜಾನಿ ಎದ್ದು ಎಲ್ಲಾರೂ ಒಂದೇ ಗಾಡ್ಯಾಗ ತುರ್ಕೊಂಡು ಮೆದಕ್ ಚರ್ಚಿಗಿ. 1924ರ ಡಿಸೆಂಬರ್ 25ಕ್ಕೇ ಓಪನ್ ಆದ ಚರ್ಚ್ ಅದು, ಹಂಗಾಗಿ ಆ ದಿನ ಅಲ್ಲಿ ಜಾತ್ರಿನೇ, ಛಂದ ಇರ್ತದ ಖರೆ, ಈ ಸಲ ಮಾತ್ರ ಅವ್ವನ ಮಣಕಾಲ ಒಪ್ಪಲಿಲ್ಲ. ದೊಡ್ಡಪ್ಪಾರು ಫೋನಿನ್ಯಾಗ "ದೊಡ್ಡ ಮಂದಿ ಆಗೀರಿ ನೀವು" ಅಂತ ಒಂದು ಕುಟುಕಿದ್ರು, ಇರ್ಲಿ. ನಾಲ್ಕೇ ಮಂದಿ ಮನ್ಯಾಗ, ಮಂಗಲಪೇಟ ಚರ್ಚ್, ಮಟನ್, ರೊಟ್ಟಿ, ಮತ್ತ ನಮ್ದೇ ಕೇಕ್ ಅಂತ ಆಯ್ತು.

ಕೇಕಿನ ಲೆಕ್ಕ ಸರಳ ಅದ. ಮೈದಾ, ಸಕ್ಕರಿ, ಬೆಣ್ಣಿ ಮೂರೂ ಅರ್ಧರ್ಧ ಕಿಲೋ, ತತ್ತಿ ಹತ್ತು, ಯಾಕಂದ್ರ ಸಿಪ್ಪಿ ಬಿಟ್ಟು ಒಂದು ತತ್ತಿ 50 ಗ್ರಾಮಿನ ಆಸುಪಾಸು ಬರ್ತದ, ಹತ್ತಾದ್ರ ಅದೂ ಅರ್ಧ ಕಿಲೋ. ದ್ರಾಕ್ಷಿ, ಖರ್ಜೂರ, ಟುಟಿಫ್ರುಟಿ ಎಲ್ಲಾ ಕಿತ್ತಳಿ ರಸದಾಗ ನೆನಿಹಾಕಿ ಫ್ರಿಜ್ಜಿನ್ಯಾಗ ಇಟ್ಟಿದ್ವಿ, ಮೆಥಡಿಸ್ಟ್ ಕ್ರೈಸ್ತರ ಮನಿ ನಮ್ದು, ಅವ್ವ ಇರೋತನ ರಮ್ ಬಾಟ್ಲಿ ಹೊಸ್ತಲ ದಾಟಂಗಿಲ್ಲ. ಕಪ್ಪು ಬಣ್ಣಕ್ಕ ಸಕ್ಕರಿ ಕರಗಿಸಿ ಕೆಂಪಗ ಸುಟ್ಟು ನೀರು ಹಾಕಿ ಒಯ್ದೆ. ಒಂದು ಮಾತು, ಡಿಸೆಂಬರಿನ ಬೀದರ ಥಂಡ್ಯಾಗ ಬೆಣ್ಣಿ ಕಲ್ಲಾಗಿರ್ತದ, ಮನ್ಯಾಗೇ ಮೆತ್ತಗ ಮಾಡ್ಕೊಂಡು ಹೋಗ್ರಿ, ಇಲ್ಲಂದ್ರ ಸಕ್ಕರಿ ಸರಿ ಕೂಡಂಗಿಲ್ಲ.

ಬೇಕರಿ ಭಾಯಿ ಏನ್ ಮಾಡಿದ್ರಂದ್ರ, ನಾವು ಹೋದ ಕೂಡ್ಲೇ ಇಡಲಿಲ್ಲ. "ಪಾವ್ ತಗೀಲಿ ತಡೀರಿ, ಈಗ ಇಟ್ರ ಮ್ಯಾಲ ಕರಕಾಗ್ತದ ಒಳಗ ಹಸಿ ಉಳೀತದ" ಅಂದ್ರು. ಪಾವಿಗಿ ಬೇಕಾದ ಕಾವು ಬ್ಯಾರೆ, ಹಣ್ಣಿನ ಕೇಕಿಗಿ 150 ಡಿಗ್ರಿ ಹತ್ರ ಹತ್ರ ಸಣ್ಣ ಕಾವಿನ್ಯಾಗ ತಾಸಿಗಿಂತ ಮ್ಯಾಲೇ ಬೇಕು, ಪಾವ್ ತಗದಿಂದ ಭಟ್ಟಿ ತಾನೇ ಆ ಹದಕ್ಕ ಇಳೀತದ, ಥರ್ಮಾಮೀಟರ್ ಇಲ್ಲ ಏನಿಲ್ಲ, ಕೈ ಒಳಗ ಹಿಡದು ನೋಡಿ ಹೇಳ್ತಾರ! ಕೇಕ್ ಕೊಯ್ದಾಗ ಹಣ್ಣು ಒಂದೂ ತಳಕ್ಕ ಇಳದಿರಲಿಲ್ಲ, ಕಟ್ಟಿಗಿ ವಾಸನಿ ಹೌದೋ ಅಲ್ಲೋ ಅನ್ನೋಷ್ಟು. ಕೇಕು 10ಕ್ಕ 9. ಡಬ್ಬಿ ಪ್ಲಮ್ ಕೇಕ್ ತಿಂದು ಹಲ್ಲು ಜಿಗಟಾದೋರಿಗಿ ಫರಕ್ ಗೊತ್ತಾಗ್ತದ.

ಸರ್ವಿಸ್ ಮಾತ್ರ 10ಕ್ಕ 5, ಅದೂ ಭಾಯಿ ಮಾತಿನ ಮನ್ನಣಿಗಿ. ಕೇಕಿನ ಜೋಡಿ ನಾನಖಟಾಯಿ ಬಿ ಮಾಡಿಸಿದ್ವಿ. ಡಬ್ಬಿ ಮ್ಯಾಲ ಚೀಟಿ ಅಂಟಸ್ತಾರ, ಕಾವಿಗಿ ಚೀಟಿ ಉದುರ್ತಾವ, ನಮ್ಮ ನಾನಖಟಾಯಿ ಯಾರೋ ಒಯ್ದು ಅವರ್ದು ನಮಗ ಕೊಟ್ರು, ಅದರಾಗ ಏಲಕ್ಕಿನೇ ಇಲ್ಲ, ನಾವು ಹಾಕಿದ್ದು ಶುದ್ಧ ತುಪ್ಪ, ಬಂದದ್ದು ಡಾಲ್ಡಾ. ಕೇಳಿದ್ರ "ಹಬ್ಬದ ಗದ್ಲ ಅದ, ಹೊಂದ್ಕೋರಿ" ಅಂತ. ತುಪ್ಪದ ರೇಟ್ ಗೊತ್ತಿದ್ದೋರು ಹೆಂಗ ಹೊಂದ್ಕೋತಾರ? ಆಮ್ಯಾಲ ಮಜೂರಿ ಅರ್ಧ ಬಿಟ್ರು ಖರೆ, ಆದ್ರ ಮುಂದಿನ ಸಲ ಡಬ್ಬಿಗಿ ಮೊಳಿಯಿಂದ ಹೆಸರು ಗೀಚಿ ಒಯ್ಯೋದೇ. ಡಬ್ಬಿ ತಳಕ್ಕ ಹಾಕೋ ಕಾಗದಾನೂ ನೀವೇ ಒಯ್ರಿ, ಅವರು ಹಳೇ ಪೇಪರ್ ಹಾಕ್ತಾರ, ನನಗ ಅದು ಸರಿ ಬರಲಿಲ್ಲ.

ಮನ್ಯಾಗ ಉಳದದ್ದು ಹೆಂಗಾಯ್ತು ಅಂದ್ರ, ಸುಮ್ಮಗ ಅಂತ ಅಂದ್ಕೊಂಡಿದ್ವಿ, 24ರ ರಾತ್ರಿ ಕ್ಯಾರೋಲಿನೋರು ಹೊತ್ತಲ್ಲದ ಹೊತ್ತಿನ್ಯಾಗ ಬಂದು ಬಾಗ್ಲಾಗ ಹಾಡಿದ್ರು, ಅವ್ವ ಶಾಲು ಹೊದ್ಕೊಂಡು ಕುಂತಲ್ಲೇ ಜೋಡಿ ಹಾಡಿದ್ಳು, ಅವರಿಗೆಲ್ಲಾ ಕೇಕ್ ಕೊಯ್ದು ಕೊಟ್ಟಿಂದ ನಮಗ ಉಳದದ್ದು ಮುಕ್ಕಾಲೇ. ಆದ್ರ 25ಕ್ಕ ಆರಾಧನಿ ಮುಗಿಸ್ಕೊಂಡು ಬಂದು ಉಂಡು ಮಧ್ಯಾಹ್ನ ಮಲಗಿದ ನಿದ್ದಿ, ಅದು ದೊಡ್ಡಪ್ಪನ ಮನ್ಯಾಗ ಎಂದೂ ಸಿಕ್ಕಿಲ್ಲ.

ಹೋಗೋರು ಡಿಸೆಂಬರ್ 20ರ ಒಳಗೇ ಹೋಗ್ರಿ, ಹಣ್ಣಿನ ಕೇಕ್ ನಾಲ್ಕು ದಿನ ಇಟ್ರ ಇನ್ನಾ ರುಚಿ ಆಗ್ತದ. ಸಂಜೀಕ ಪಾವಿನ ಗದ್ಲ ಇರ್ತದ, ಮಧ್ಯಾಹ್ನ ಬರ್ರಿ ಅಂತಾರ ಅವರೇ. ಶುಕ್ರವಾರ ನಮಾಜಿನ ಹೊತ್ತಿಗಿ ಶಟರ್ ಇಳದಿರ್ತದ, ಸುಮ್ಮನ ತತ್ತಿ ಹಿಡ್ಕೊಂಡು ಗಲ್ಲಿಯಾಗ ನಿಲ್ಲಬ್ಯಾಡ್ರಿ.