ದಾರದಿಂದ ಡೀಪ್ ಪ್ಲೇನ್‌ವರೆಗೆ: ಫೇಸ್‌ಲಿಫ್ಟ್‌ನಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು

ಜಯನಗರ, ಇಂದಿರಾನಗರ, ಸದಾಶಿವನಗರದ ಕಾಸ್ಮೆಟಿಕ್ ಕ್ಲಿನಿಕ್‌ಗಳಲ್ಲಿ ಜೋತುಬಿದ್ದ ಕೆನ್ನೆಗೆ ಏನು ಮಾಡಬಹುದು ಎಂದು ವಿಚಾರಿಸಿದರೆ ನಾಲ್ಕು ಹೆಸರು ಕೇಳಿಬರುತ್ತವೆ: ಥ್ರೆಡ್ ಲಿಫ್ಟ್, ಮಿನಿ ಲಿಫ್ಟ್, ಸ್ಮಾಸ್ ಲಿಫ್ಟ್, ಡೀಪ್ ಪ್ಲೇನ್. ಹೆಸರು ಗಂಭೀರವಾದಷ್ಟೂ ಬಿಲ್ ಏರುತ್ತದೆ. ನೋಡಬೇಕಾದದ್ದು ಬೇರೆ: ಎಳೆತದ ಭಾರವನ್ನು ಯಾವ ಪದರ ಹೊರುತ್ತದೆ? ಚರ್ಮವೇ ಹೊತ್ತರೆ ಫಲ ಬಹುಕಾಲ ಬಾಳುವುದಿಲ್ಲ. ಚರ್ಮ ಹಿಗ್ಗುತ್ತದೆ, ಗಾಯದ ಗೆರೆ ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಕ್ಕೆ ಎಳೆದು ಕೆನ್ನೆಗೆ ಅಂಟಿದಂತೆ ಕಾಣುತ್ತದೆ.

ಥ್ರೆಡ್ ಲಿಫ್ಟ್ ಸರ್ಜರಿಯೇ ಅಲ್ಲ. ಸಣ್ಣ ಮುಳ್ಳುಗಳಿರುವ, ಪಿಡಿಓ ಎಂಬ ಕರಗುವ ದಾರವನ್ನು ಲೋಕಲ್ ಅನಸ್ತೇಸಿಯಾದಲ್ಲಿ ಚರ್ಮದಡಿ ತೂರಿಸಿ ಎಳೆಯುತ್ತಾರೆ. ಒಂದು ಗಂಟೆಯೊಳಗೆ ಮನೆಗೆ ಹೋಗಬಹುದು. ದಾರ ಸುಮಾರು 6 ತಿಂಗಳಲ್ಲಿ ಕರಗುತ್ತದೆ, ವರ್ಷ ತುಂಬುವಷ್ಟರಲ್ಲಿ ಪರಿಣಾಮವೂ ಬಹುಪಾಲು ಹೋಗಿರುತ್ತದೆ. ಕೆನ್ನೆಯಲ್ಲಿ ಗುಳಿ ಬೀಳುವುದು, ದಾರದ ತುದಿ ಹೊರಗೆ ಇಣುಕುವುದು, ಸೋಂಕು, ಇವು ಸಾಮಾನ್ಯ ದೂರುಗಳು. ಭಾರವಾದ ಮುಖಕ್ಕೆ ನಾವು ಇದನ್ನು ಶಿಫಾರಸು ಮಾಡುವುದಿಲ್ಲ.

ಮಿನಿ ಲಿಫ್ಟ್‌ನಲ್ಲಿ ಕೊಯ್ತ ಕಿವಿಯ ಮುಂದೆ ಮಾತ್ರ. ದವಡೆಯ ಅಂಚು ಈಗಷ್ಟೇ ಮಸುಕಾಗುತ್ತಿರುವವರಿಗೆ ಒಳ್ಳೆಯದೇ. ಕುತ್ತಿಗೆ ಜೋತುಬಿದ್ದಿದ್ದರೆ ಸಾಲದು: ಹೆಚ್ಚುವರಿ ಚರ್ಮಕ್ಕೆ ಕಿವಿಯ ಹಿಂದೆ ಜಾಗವಿಲ್ಲದೆ ಹಾಲೆಯ ಕೆಳಗೆ ಮಡಿಕೆಯಾಗಿ ನಿಲ್ಲುತ್ತದೆ.

ನಿಜವಾದ ಆಯ್ಕೆ ಇರುವುದು ಉಳಿದ ಎರಡರ ನಡುವೆ. ಚರ್ಮ ಮತ್ತು ಅದರ ಕೊಬ್ಬಿನ ಕೆಳಗೆ ಸ್ಮಾಸ್ ಎಂಬ ಗಟ್ಟಿ ನಾರಿನ ಪದರವಿದೆ; ಫ್ರಾನ್ಸಿನ ಮಿಟ್ಜ್ ಮತ್ತು ಪೆಯ್ರೋನಿ 1976ರಲ್ಲಿ ಅದನ್ನು ವಿವರಿಸಿದರು. ಸ್ಮಾಸ್ ಲಿಫ್ಟ್‌ನಲ್ಲಿ ಚರ್ಮವನ್ನು ಬೇರೆಯಾಗಿ ಎತ್ತಿ, ಈ ಪದರವನ್ನು ಮಡಿಸಿ ಹೊಲಿಯುತ್ತಾರೆ, ಅಥವಾ ಒಂದು ಪಟ್ಟಿ ಕತ್ತರಿಸಿ ಅಂಚು ಕೂಡಿಸುತ್ತಾರೆ, ಅಥವಾ ಪದರವನ್ನೇ ಎಬ್ಬಿಸಿ ಮೇಲಕ್ಕೆ ಕಟ್ಟುತ್ತಾರೆ. ಹೀಗಾಗಿ 'ಸ್ಮಾಸ್ ಲಿಫ್ಟ್' ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಮೂರರಲ್ಲಿ ಯಾವುದು ಎಂದು ಕೇಳಿ. ಮಡಿಸುವುದು ಎಲ್ಲಕ್ಕಿಂತ ಸುರಕ್ಷಿತ, ಏಕೆಂದರೆ ಮುಖದ ಸ್ನಾಯುಗಳನ್ನು ಆಡಿಸುವ ನರ ಇರುವ ಆಳಕ್ಕೆ ಕತ್ತರಿ ಇಳಿಯುವುದೇ ಇಲ್ಲ.

ಡೀಪ್ ಪ್ಲೇನ್ ಅನ್ನು ಅಮೆರಿಕದ ಸ್ಯಾಮ್ ಹಾಮ್ರಾ 1990ರಲ್ಲಿ ಪ್ರಕಟಿಸಿದರು. ಇಲ್ಲಿ ಚರ್ಮವನ್ನೂ ಸ್ಮಾಸ್ ಅನ್ನೂ ಬೇರ್ಪಡಿಸದೆ ಒಂದೇ ದಪ್ಪ ಪದರವಾಗಿ ಎತ್ತಿ, ಕೆನ್ನೆಯ ಮೂಳೆಗೂ ಅಗಿಯುವ ಸ್ನಾಯುವಿಗೂ ಮುಖವನ್ನು ಬಿಗಿದಿಟ್ಟಿರುವ ಲಿಗಮೆಂಟ್‌ಗಳನ್ನು ಬಿಡಿಸುತ್ತಾರೆ. ಬಿಡಿಸದೆ ಎಳೆಯುವುದು ಮೊಳೆ ಕೀಳದೆ ಪರದೆ ಸರಿಸಿದ ಹಾಗೆ. ಲಾಭ ಎರಡು: ಮೂಗಿನ ಪಕ್ಕದ ಮಡಿಕೆಯತ್ತ ಜಾರಿದ ಕೆನ್ನೆ ಚೆನ್ನಾಗಿ ಮೇಲೇರುತ್ತದೆ, ದಪ್ಪ ಪದರಕ್ಕೆ ರಕ್ತ ಚೆನ್ನಾಗಿ ಸಿಗುತ್ತದೆ. ತೊಂದರೆಯೆಂದರೆ ನರದ ಕವಲುಗಳು ಆ ಪದರದ ಅಡಿಯಲ್ಲೇ ಹಾಯುತ್ತವೆ. ಆಪರೇಷನ್ 4-5 ಗಂಟೆ ಹಿಡಿಯಬಹುದು. ಅಪರೂಪಕ್ಕೊಮ್ಮೆ ಕೈಹಾಕುವ ಸರ್ಜನ್ನರಿಂದ ಇದನ್ನು ಮಾಡಿಸಿಕೊಳ್ಳುವುದು ಬೇಡ.

ಹಾಗಾದರೆ ಡೀಪ್ ಪ್ಲೇನೇ ಮೇಲೆ? ಜಾಹೀರಾತು ಹೇಳುವಷ್ಟು ಖಚಿತವಾಗಿ ಹೇಳಲಾಗದು. 1996ರ ಒಂದು ಅಧ್ಯಯನದಲ್ಲಿ ಒಂದೇ ಮುಖದ ಒಂದು ಬದಿಗೆ ಸರಳ ವಿಧಾನ, ಇನ್ನೊಂದು ಬದಿಗೆ ಆಳದ ವಿಧಾನ ಮಾಡಿ ನೋಡಿದರು. ವರ್ಷದ ನಂತರ ಗುರುತಿಸುವಂಥ ವ್ಯತ್ಯಾಸ ಸಿಗಲಿಲ್ಲ. ಎರಡು ಜೊತೆ ತದ್ರೂಪಿ ಅವಳಿಗಳಿಗೆ ನಾಲ್ವರು ಸರ್ಜನ್ನರು ತಂತಮ್ಮ ವಿಧಾನದಲ್ಲಿ ಲಿಫ್ಟ್ ಮಾಡಿದ್ದರು. ಅವರಲ್ಲಿ ಹಾಮ್ರಾ ಕೂಡ ಒಬ್ಬರು. 10 ವರ್ಷಗಳ ಆ ಫೋಟೊಗಳು 2009ರಲ್ಲಿ ಪ್ರಕಟವಾದವು; ಒಂದೇ ವಿಧಾನ ಗೆದ್ದಿತು ಎನ್ನಲು ಅಷ್ಟು ಕಡಿಮೆ ಜನರಿಂದ ಆಗದು. ನಮ್ಮ ಅಭಿಪ್ರಾಯ: ಕೆನ್ನೆಯ ನಡುಭಾಗ ಭಾರವಾಗಿ ಇಳಿದಿದ್ದರೆ ಡೀಪ್ ಪ್ಲೇನ್‌ಗೆ ಅರ್ಥವಿದೆ, ದವಡೆ ಮತ್ತು ಕುತ್ತಿಗೆಯದೇ ತೊಂದರೆಯಾದರೆ ಅಚ್ಚುಕಟ್ಟಾದ ಸ್ಮಾಸ್ ಸಾಕು. ಕುತ್ತಿಗೆಯ ಪ್ಲಾಟಿಸ್ಮಾ ಸ್ನಾಯು ಮುಂದೆ ಎರಡು ಹಗ್ಗದಂತೆ ಎದ್ದಿದ್ದರೆ, ಗದ್ದದ ಕೆಳಗೆ ಸುಮಾರು 3 ಸೆಂ.ಮೀ. ಕೊಯ್ದು ಅದನ್ನು ನಡುವೆ ಕೂಡಿಸಿ ಹೊಲಿಯುವುದು ಕೊಟೇಷನ್‌ನಲ್ಲಿ ಸೇರಿದೆಯೇ ನೋಡಿ.

ಕೆಡುವುದರಲ್ಲಿ ಮೊದಲನೆಯದು ಹಿಮಟೋಮಾ, ಅಂದರೆ ಚರ್ಮದಡಿ ರಕ್ತ ಶೇಖರವಾಗುವುದು. ಬಹುತೇಕ ಮೊದಲ 24 ಗಂಟೆಯಲ್ಲೇ ಆಗುತ್ತದೆ. ಬಿಪಿ ಏರುವುದು ಮುಖ್ಯ ಕಾರಣ. ಗಡ್ಡದ ಚರ್ಮಕ್ಕೆ ರಕ್ತನಾಳ ಜಾಸ್ತಿ ಇರುವುದರಿಂದ ಗಂಡಸರಲ್ಲಿ ಹೆಚ್ಚು. ಒಂದೇ ಕಡೆ ನೋವು, ಬಿಗಿತ, ಊತ ಏರುತ್ತಿದ್ದರೆ ಬೆಳಗಿನವರೆಗೆ ಕಾಯುವಂತಿಲ್ಲ, ಆಗಲೇ ತೆರೆದು ತೆಗೆಯಬೇಕು. ರಾತ್ರಿ ಡಾಕ್ಟರ್ ಇಲ್ಲದ ಡೇ ಕೇರ್‌ನಲ್ಲಿ ಪೂರ್ಣ ಫೇಸ್‌ಲಿಫ್ಟ್ ಬೇಡ ಎನ್ನುವುದು ಇದಕ್ಕೇ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಕೋಸ್ಪ್ರಿನ್ (ಆಸ್ಪಿರಿನ್), ಮೀನೆಣ್ಣೆ ಕ್ಯಾಪ್ಸೂಲ್ ತೆಗೆದುಕೊಳ್ಳುವುದನ್ನು ಮೊದಲೇ ತಿಳಿಸಿ. ಹೃದಯಕ್ಕಾಗಿ ಕೊಟ್ಟ ಮಾತ್ರೆಯನ್ನು ಆ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಸಿಗರೇಟು ಕನಿಷ್ಠ 4 ವಾರ ಮೊದಲೇ ಬಂದ್, ಇಲ್ಲದಿದ್ದರೆ ಕಿವಿಯ ಹಿಂದಿನ ಚರ್ಮ ಕಪ್ಪಾಗಿ ಸಾಯಬಹುದು. ಕಿವಿಯ ಹಾಲೆ ಕೆಲವು ತಿಂಗಳು ಮರಗಟ್ಟಿರುವುದು ಮಾಮೂಲು.

ನಮ್ಮ ಕಡೆಯ ಮೈಬಣ್ಣದಲ್ಲಿ ಸಣ್ಣ ಸುಕ್ಕು ಕಡಿಮೆ, ಕಲೆ ಕಪ್ಪಾಗುವುದು ಜಾಸ್ತಿ. ಮೊದಲು ಎಲ್ಲಾದರೂ ಕೆಲಾಯ್ಡ್, ಅಂದರೆ ಉಬ್ಬಿ ಬೆಳೆಯುವ ಗಾಯದ ಕಲೆ, ಎದ್ದಿದ್ದರೆ ಹೇಳಿಬಿಡಿ. ತುರುಬು ಕಟ್ಟಿ ಮಲ್ಲಿಗೆ ಮುಡಿಯುವವರಿಗೆ ಕಿವಿಯ ಹಿಂದಿನ ಗೆರೆಯೇ ಎದ್ದು ಕಾಣುವುದು. ಅದು ಕೂದಲ ಅಂಚಿನಲ್ಲಿ ಬರುತ್ತದೋ ಒಳಗೋ ಎಂದು ಕನ್ನಡಿ ಮುಂದೆ ತೋರಿಸಿಕೊಳ್ಳಿ. ಹೊಲಿಗೆ ಸಾಮಾನ್ಯವಾಗಿ 5-7 ದಿನಕ್ಕೆ ತೆಗೆಯುತ್ತಾರೆ, ನೀಲಿ ಕಲೆಗೆ ಎರಡು ವಾರ ಬೇಕು. ಸ್ಕೂಟರ್ ಓಡಿಸುವವರು ಗಮನಿಸಿ: ಹೆಲ್ಮೆಟ್ ಒತ್ತುವುದು ಸರಿಯಾಗಿ ಹೊಲಿಗೆಯ ಮೇಲೆಯೇ. ಸರ್ಜನ್ ಒಪ್ಪುವವರೆಗೆ ಆಟೊ ಹಿಡಿಯಿರಿ. ಭಾರದ ಜುಮುಕಿಯೂ ಆಮೇಲೆಯೇ.

ಬುಕ್ ಮಾಡುವ ಮೊದಲು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಸಂಖ್ಯೆ ನೋಡಿ. 2007ರ ಆ ಕಾಯ್ದೆಯಡಿ ಕರ್ನಾಟಕದ ಪ್ರತಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ ನೋಂದಣಿ ಮಾಡಿಸಲೇಬೇಕು. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಆರ್‌ಎನ್‌ಬಿ ಎಂಬ ತಜ್ಞ ಪದವಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಇನ್ಶೂರೆನ್ಸ್ ಇದಕ್ಕೆ ದುಡ್ಡು ಕೊಡುವುದಿಲ್ಲ, ಚಿಕಿತ್ಸೆಗಿರುವ ಜಿಎಸ್‌ಟಿ ವಿನಾಯಿತಿಯೂ ಬರೀ ಸೌಂದರ್ಯದ ಸರ್ಜರಿಗೆ ಇಲ್ಲ. ತೆರಿಗೆ, ಅನಸ್ತೇಸಿಯಾ, ಒಂದು ರಾತ್ರಿಯ ವಾರ್ಡ್ ಸೇರಿಸಿಯೇ ಮೊತ್ತ ಬರೆಸಿಕೊಳ್ಳಿ. ಫೋಟೊ ತೋರಿಸಿದರೆ ವರ್ಷ ತುಂಬಿದ ಮೇಲಿನದ್ದು, ಕೂದಲು ಹಿಂದಕ್ಕೆ ಕಟ್ಟಿ ಕಿವಿ ಕಾಣುವಂಥದ್ದು ಕೇಳಿ. ಮೂರನೇ ವಾರದ ಫೋಟೊದಲ್ಲಿ ಊತವೂ ಸೇರಿಕೊಂಡು ಮುಖ ನುಣುಪಾಗಿ ಕಾಣುತ್ತದೆ.