ಕಲ್ಲು ಅಸಲಿ, ಸರ್ಟಿಫಿಕೇಟೂ ಅಸಲಿ, ದುಡ್ಡು ಮಾತ್ರ ಮುಳುಗಿತು: ಹೆಟಿಯನ್ ಜೇಡ್ ಕೊಳ್ಳುವ ಮುಂಚೆ ಓದಿ

ಬೆಂಗಳೂರಿನ ಒಬ್ಬ ಸಂಗ್ರಾಹಕರು ಲೈವ್ ವಿಡಿಯೋ ಮಾರಾಟದಲ್ಲಿ ಬಿಳಿ ಜೇಡ್‌ನ (ಆಭರಣಕ್ಕೆ, ಕೆತ್ತನೆಗೆ ಬಳಸುವ ಬೆಲೆಬಾಳುವ ಕಲ್ಲು) ಒಂದು ಉರುಟು ಕಲ್ಲು ಕೊಂಡರು. ತೂಕ 41.30 ಗ್ರಾಂ, ದೊಡ್ಡ ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರ. ಕೊಟ್ಟದ್ದು 2 ಲಕ್ಷ 80 ಸಾವಿರ ರೂಪಾಯಿ. ಚೀನಾದ ಶಿನ್‌ಜಿಯಾಂಗ್‌ನ ಹೆಟಿಯನ್‌ನಲ್ಲಿ, ಯುರುಂಗ್‌ಕಾಶ್ ನದಿಯ ಪಾತ್ರದಲ್ಲಿ ಸಿಕ್ಕಿದ್ದು, ಮೈಮೇಲಿನ ಕೆಂಪು ಸಿಪ್ಪೆ ಹುಟ್ಟಿನಿಂದ ಬಂದದ್ದು, ಬಿಳುಪು 'ಕುರಿಕೊಬ್ಬು' ಎಂಬ ಅತಿ ಮೇಲಿನ ದರ್ಜೆಯದ್ದು ಎಂದು ಮಾರಿದವರು ಹೇಳಿದ್ದರು. ಕ್ಯೂಆರ್ ಕೋಡ್ ಇರುವ ಲ್ಯಾಬ್ ಕಾರ್ಡೂ ಜೊತೆಗೆ ಬಂದಿತ್ತು. ಮರುವರ್ಷ ಮಾರಲು ಹೊರಟಾಗ ಕೈಯಲ್ಲಿ ಹಿಡಿದು ನೋಡಿದ ವ್ಯಾಪಾರಿಗಳಲ್ಲಿ ಯಾರೂ 15 ಸಾವಿರ ದಾಟಲಿಲ್ಲ. ಕಲ್ಲೇ ನಕಲಿ ಇರಬೇಕೆಂದು ಇಲ್ಲಿನ ರತ್ನ ಪರೀಕ್ಷಾಲಯಕ್ಕೆ ಕಳುಹಿಸಿದರೆ ಬಂದ ಉತ್ತರ: ನೆಫ್ರೈಟ್ ಜೇಡ್, ಅಂದರೆ ಅಸಲಿ ಜೇಡ್‌ನದೇ ಒಂದು ಬಗೆ. ಚೀನಾದ ಕಾರ್ಡ್ ಹೇಳಿದ್ದೂ ಅದನ್ನೇ.

ಜೇಡ್ ಎಂದು ಗಾಜು, ಅಮೃತಶಿಲೆ ಮಾರುವ ಮೋಸ ಹಳೆಯದು, ಅದನ್ನು ಹಿಡಿಯುವುದೂ ಸುಲಭ. ಇದು ಹಾಗಲ್ಲ. ಇಲ್ಲಿ ಕಲ್ಲೂ ನಿಜ, ಕಾರ್ಡೂ ನಿಜ. ಬೆಲೆ ನಿಂತಿದ್ದು ಮಾತ್ರ ಕಾರ್ಡ್‌ನಲ್ಲಿ ಎಲ್ಲೂ ಬರೆಯದ ಮಾತುಗಳ ಮೇಲೆ.

ಚೀನಾದಲ್ಲಿ ರತ್ನಗಳಿಗೆ ಹೆಸರಿಡುವ ನಿಯಮಕ್ಕೆ ಜಿಬಿ/ಟಿ 16552 ಎಂಬ ರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ 'ಹೆಟಿಯನ್ ಯು' (ಯು ಎಂದರೆ ಜೇಡ್) ಅಂದರೆ ಹೆಟಿಯನ್ ಊರಿನ ಕಲ್ಲು ಎಂದೇನೂ ಅಲ್ಲ. ಟ್ರೆಮೊಲೈಟ್ ಖನಿಜ ಪ್ರಧಾನವಾಗಿರುವ ನೆಫ್ರೈಟ್ ಎಲ್ಲಿಂದಲೇ ಬಂದಿರಲಿ, ಆ ಹೆಸರು ಸಲ್ಲುತ್ತದೆ. ರಷ್ಯಾದ ಬೈಕಲ್ ಸರೋವರದ ಆಸುಪಾಸಿನದು, ಚಿಂಗ್‌ಹಾಯ್ ಪ್ರಾಂತ್ಯದ ಗೋಲ್ಮುಡ್ ಕಡೆಯದು, ದಕ್ಷಿಣ ಕೊರಿಯಾದ ಚುಂಚಿಯಾನ್ ಗಣಿಯದು, ಗ್ವೀಝೌನ ಲುವೊದಿಯನ್‌ನದು ಎಲ್ಲಕ್ಕೂ ಕಾರ್ಡ್‌ನಲ್ಲಿ ಅದೇ ಎರಡು ಪದ. 2008ರ ಬೀಜಿಂಗ್ ಒಲಿಂಪಿಕ್ಸ್ ಪದಕಗಳಲ್ಲಿ ಕೂರಿಸಿದ ಜೇಡ್ ಕೂಡ ಚಿಂಗ್‌ಹಾಯ್‌ನದೇ. ಅದರಲ್ಲಿ ಕಲ್ಲಿನ ತಪ್ಪೇನಿಲ್ಲ. ಮಾರುಕಟ್ಟೆ ಮಾತ್ರ ಇವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಅತಿ ಹೆಚ್ಚಿನ ದರ ಹೋಗುವುದು ಹೆಟಿಯನ್‌ನ ಯುರುಂಗ್‌ಕಾಶ್, ಕರಕಾಶ್ ನದಿಗಳಲ್ಲಿ ಸಿಗುವ ಉರುಟು ಕಲ್ಲಿಗೆ. ಇದನ್ನು 'ಝಿಲಿಯಾವ್' ಅನ್ನುತ್ತಾರೆ. ಕುನ್‌ಲುನ್ ಬೆಟ್ಟದಿಂದ ಕಳಚಿ, ನೀರಿನಲ್ಲಿ ಉರುಳಿ, ಸಡಿಲ ಭಾಗಗಳೆಲ್ಲ ಸವೆದು, ಗಟ್ಟಿ ತಿರುಳು ಉಳಿದದ್ದು. ಗಣಿಯಿಂದ ನೇರವಾಗಿ ಒಡೆದು ತೆಗೆದದ್ದು 'ಶಾನ್‌ಲಿಯಾವ್', ಬೆಟ್ಟದ ಕಲ್ಲು. ಖನಿಜ ಒಂದೇ, ಸಾಂದ್ರತೆ ಒಂದೇ, ಲ್ಯಾಬ್‌ನ ಯಂತ್ರಕ್ಕಿಟ್ಟರೆ ಬರುವ ರೋಹಿತದ ಗೆರೆಗಳೂ ಹೆಚ್ಚುಕಡಿಮೆ ಒಂದೇ. ಬೆಲೆಯಲ್ಲಿ ಹತ್ತಾರು ಪಟ್ಟು ಅಂತರ. ಆದ್ದರಿಂದ ಬೆಟ್ಟದ ಕಲ್ಲನ್ನು ನದಿಯ ಕಲ್ಲಾಗಿಸುವುದೇ ಒಂದು ಕಸುಬಾಗಿದೆ.

ಅದು ನಡೆಯುವ ಬಗೆ ಹೀಗೆ. ಅಗ್ಗದ ರಷ್ಯಾ ಅಥವಾ ಚಿಂಗ್‌ಹಾಯ್ ಕಲ್ಲನ್ನು ತುಂಡು ಮಾಡಿ, ನೀರು ಮತ್ತು ಉಜ್ಜುಪುಡಿಯ ಜೊತೆ ತಿರುಗುವ ಡ್ರಮ್‌ಗೆ ಹಾಕುತ್ತಾರೆ. ಮೂಲೆಗಳೆಲ್ಲ ಸವೆದು ಕಲ್ಲು ಉರುಟಾಗುತ್ತದೆ. ಆದರೆ ಮೈ ತೀರಾ ನುಣುಪಾಗಿ ಬಿಡುವುದರಿಂದ ಮರಳು ಸಿಡಿಸಿ ಅಥವಾ ಆಸಿಡ್ ತಾಗಿಸಿ ಸಣ್ಣ ಗುಳಿಗಳನ್ನು ಮಾಡುತ್ತಾರೆ. ಆಮೇಲೆ ಬಣ್ಣ, ಕೊನೆಗೆ ಎಣ್ಣೆ ಅಥವಾ ಮೇಣ. ಬೆಂಗಳೂರಿನವರ ಕೈಗೆ ಬಂದದ್ದು ಇಂಥ ಕಲ್ಲು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇದ್ದರೆ ಈ ಸುಳ್ಳನ್ನು ಬಹಳಷ್ಟು ಸಲ ಮನೆಯಲ್ಲೇ ಹಿಡಿಯಬಹುದು. ಮೊದಲು ಕಲ್ಲನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ ಇದ್ದರೆ ಗುಳಿಗಳೆಲ್ಲ ಮುಚ್ಚಿಹೋಗಿರುತ್ತವೆ, ಮಾರುವವರು ವಿಡಿಯೋದಲ್ಲಿ ಕಲ್ಲನ್ನು ಕೆನ್ನೆಗೆ, ಮೂಗಿಗೆ ಉಜ್ಜಿ ತೋರಿಸುವುದೂ ಅದಕ್ಕೇ. ಬೆಳಗಿನ ಬೆಳಕಿನಲ್ಲಿ, ಕಿಟಕಿಯ ಪಕ್ಕ ಕೂತು, ಕಲ್ಲನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿ. ನದಿಯ ಕಲ್ಲಿನ ಮೇಲೆ ಚರ್ಮದ ಬೆವರುರಂಧ್ರದಂಥ ಸಣ್ಣ ಗುಳಿಗಳು ಇರುತ್ತವೆ. ಒಂದು ಆಳ, ಒಂದು ಆಳವಿಲ್ಲದ್ದು, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳ. ಮರಳು ಸಿಡಿಸಿದ ಗುಳಿಗಳು ಸರಿಸುಮಾರು ಒಂದೇ ಅಳತೆಯವು, ಎಲ್ಲ ಕಡೆ ಒಂದೇ ಒತ್ತಾಗಿ ಹರಡಿರುತ್ತವೆ. ಡ್ರಮ್‌ನಲ್ಲಿ ತಿರುಗಿದ ಕಲ್ಲಿನಲ್ಲಿ ಒಂದಕ್ಕೊಂದು ಸಮಾನಾಂತರವಾದ ಸಣ್ಣ ಗೀರುಗಳು, ಇನ್ನೂ ಪೂರ್ತಿ ಸವೆಯದ ಚಪ್ಪಟೆ ಮುಖಗಳು ಉಳಿದಿರುವುದುಂಟು.

ಇನ್ನು ಬಣ್ಣ. ನಿಜವಾದ ಸಿಪ್ಪೆ ಕಬ್ಬಿಣದ ಆಕ್ಸೈಡ್ ಶತಮಾನಗಟ್ಟಲೆ ಇಳಿದು ಆದದ್ದು. ಕಲ್ಲು ಸ್ವಲ್ಪ ಸಡಿಲ ಇರುವಲ್ಲಿ ಹಿಡಿದು, ಒಳಗೆ ಹೋಗುತ್ತಾ ಮಸುಕಾಗುತ್ತದೆ. ಕಡು ಕಂದಿನಿಂದ ಹಳದಿಗೆ, ಹಳದಿಯಿಂದ ಬಿಳಿಗೆ ಜಾರುವಲ್ಲಿ ಗಡಿ ಇರುವುದಿಲ್ಲ. ಬಳಿದ ಬಣ್ಣ ಬಿರುಕಿನಲ್ಲಿ ಗೆರೆಯಾಗಿ ಕೂತಿರುತ್ತದೆ, ಬಿರುಕಿನ ಅಕ್ಕಪಕ್ಕದ ಕಲ್ಲು ಅಚ್ಚ ಬಿಳಿ. ಗುಳಿಯ ತಳದಲ್ಲಿ ಚುಕ್ಕಿಯಂತೆ ನಿಲ್ಲುತ್ತದೆ. ಕಿತ್ತಳೆ ಬಣ್ಣ ಕಣ್ಣಿಗೆ ರಾಚುವಷ್ಟಿದ್ದರೆ ನೂರಕ್ಕೆ ನೂರು ಅನುಮಾನಿಸಿ. ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಉಜ್ಜಿದಾಗ ಬಣ್ಣ ಬಿಟ್ಟರೆ ಕಥೆ ಮುಗಿಯಿತು. ಬಿಡದಿದ್ದರೆ ಏನೂ ಸಾಬೀತಾಗುವುದಿಲ್ಲ, ಕಬ್ಬಿಣದ ಲವಣಗಳಿಂದ ಹಾಕಿದ ಬಣ್ಣ ಅಸಿಟೋನ್‌ಗೆ ಜಗ್ಗುವುದಿಲ್ಲ.

ಅಂದಹಾಗೆ, ಕಾರ್ಡ್ ಓದುವುದಕ್ಕೂ ಒಂದು ಕ್ರಮವಿದೆ. ತೂಕ, ಅಳತೆ, ಫೋಟೊ, ವಕ್ರೀಭವನ ಸೂಚ್ಯಂಕ, ಸಾಂದ್ರತೆ, ಹೆಸರು ಇಷ್ಟು ಇರುತ್ತದೆ. ಮೂಲಸ್ಥಾನ, ಝಿಲಿಯಾವ್ ಹೌದೋ ಅಲ್ಲವೋ, ಬೆಲೆ ಇವು ಸಾಮಾನ್ಯವಾಗಿ ಇರುವುದಿಲ್ಲ. ಸಿಪ್ಪೆಯ ಬಣ್ಣ ಪರೀಕ್ಷಿಸಿಲ್ಲ ಎಂಬ ಸಾಲು ಟಿಪ್ಪಣಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಇದ್ದರೆ ಅದನ್ನೇ ಮೊದಲು ಅನುವಾದಿಸಿ ಓದಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ತೆರೆಯುವ ಪುಟ ಲ್ಯಾಬ್‌ನದ್ದೇ ಎಂದು ನಂಬಬೇಡಿ. ಲ್ಯಾಬ್‌ನ ವಿಳಾಸವನ್ನು ನೀವೇ ಹುಡುಕಿ ತೆರೆದು, ಅಲ್ಲಿ ಸಂಖ್ಯೆ ಹಾಕಿ ನೋಡಿ. ಸಂಖ್ಯೆ ಸರಿಯಿದ್ದರೂ ಕಲ್ಲು ಅದೇ ಎಂದು ಗ್ಯಾರಂಟಿ ಇಲ್ಲ. 0.01 ಗ್ರಾಂ ತನಕ ತೋರಿಸುವ ತಕ್ಕಡಿಯಲ್ಲಿ ತೂಗಿ, ಫೋಟೊದಲ್ಲಿರುವ ಮಚ್ಚೆ, ಬಿರುಕುಗಳನ್ನು ಒಂದೊಂದಾಗಿ ಹೊಂದಿಸಿ. ನೆಫ್ರೈಟ್‌ಗೆ 'ಎ ಗ್ರೇಡ್' ಎಂದು ಹೇಳುವವರ ಮಾತು ಅಲ್ಲಿಗೇ ನಿಲ್ಲಿಸಿ. ಎ, ಬಿ, ಸಿ ಅನ್ನುವುದು ಬರ್ಮಾದ ಜೇಡೈಟ್‌ಗೆ ಸಂಸ್ಕರಣೆ ಮಾಡಿದ್ದಾರೋ ಇಲ್ಲವೋ ಎಂದು ಹೇಳುವ ಗುರುತು. ಜೇಡೈಟ್ ಬೇರೆಯೇ ಖನಿಜ, ಇದನ್ನು ಫ್ರಾನ್ಸ್‌ನ ಅಲೆಕ್ಸಿ ದಮೂರ್ 1863ರಲ್ಲೇ ಬೇರ್ಪಡಿಸಿ ತೋರಿಸಿದ್ದರು.

ಲೈವ್ ಮಾರಾಟದ ನಾಟಕ ನೋಡಿದವರಿಗೆ ಗೊತ್ತು. ಕಲ್ಲಿನ 'ಮಾಲೀಕ' ಒಂದು ದರ ಹೇಳುತ್ತಾನೆ, ನಿರೂಪಕ ನಿಮ್ಮ ಪರವಾಗಿ ಜಗಳ ಆಡಿ ಕಾಲು ಭಾಗಕ್ಕೆ ಇಳಿಸುತ್ತಾನೆ, ಮಾಲೀಕ ಮುನಿಸಿಕೊಂಡು ಎದ್ದು ಹೋಗುತ್ತಾನೆ. ಇಬ್ಬರೂ ಒಂದೇ ಅಂಗಡಿಯವರು. ಅದಕ್ಕಿಂತ ಅಪಾಯಕಾರಿ ಕ್ಯಾಮೆರಾದ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹೊಂದಾಣಿಕೆ. ನಸು ಹಸಿರು ಇಣುಕುವ 'ಚಿಂಗ್‌ಬಾಯ್' ಕಲ್ಲು ಸ್ಟುಡಿಯೋ ಬೆಳಕಿನಲ್ಲಿ ಹಾಲಿನಂತೆ ಕಾಣುತ್ತದೆ. ಕಲ್ಲಿನ ಪಕ್ಕ ಮುದ್ರಣದ ಬಿಳಿ ಹಾಳೆ ಇಟ್ಟು, ದೀಪ ಆರಿಸಿ, ಹಗಲು ಬೆಳಕಿನಲ್ಲಿ ತೋರಿಸಿ ಎಂದು ಕೇಳಿ. ಮಾಡದಿದ್ದರೆ ಆ ಕಲ್ಲಿನ ಆಸೆ ಬಿಟ್ಟುಬಿಡಿ.

ಇನ್ನೊಂದು ಬಲೆ: 'ನಾವೇ ಉಚಿತವಾಗಿ ಪದಕ ಕೆತ್ತಿಸಿ ಕೊಡುತ್ತೇವೆ'. ಚೀನಾದಲ್ಲಿ ಆನ್‌ಲೈನ್ ಖರೀದಿಗೆ 7 ದಿನದೊಳಗೆ ವಾಪಸ್ ಮಾಡುವ ಹಕ್ಕಿದೆ, ಆದರೆ ಹೇಳಿ ಮಾಡಿಸಿದ ವಸ್ತುವಿಗೆ ಅದು ಇಲ್ಲ. ಕೆತ್ತುವಾಗ ಸಿಪ್ಪೆ, ಗುಳಿಗಳೂ ಹೋಗುತ್ತವೆ. ಅಂದರೆ ಒಂದೇ ಏಟಿಗೆ ಹಕ್ಕೂ ಹೋಯಿತು, ಸಾಕ್ಷಿಯೂ ಹೋಯಿತು.

ಕಲ್ಲು ನೆಫ್ರೈಟೇ ಅಲ್ಲ ಎಂಬ ಅನುಮಾನವಿದ್ದರೆ ಸಾಂದ್ರತೆ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಕಲ್ಲನ್ನು ಒಣದಾಗಿ ತೂಗಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ, ತೋರಿಸುವ ಅಂಕಿ ಬರೆದುಕೊಳ್ಳಿ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿ. ನೆಫ್ರೈಟ್ 2.95ರ ಆಸುಪಾಸು ಬರಬೇಕು, 41.30 ಗ್ರಾಂ ಕಲ್ಲು ನೀರಿನಲ್ಲಿ 14.00 ತೋರಿಸುತ್ತದೆ. ಅದೇ ತೂಕದ ಕ್ವಾರ್ಟ್‌ಜೈಟ್ (ಬೆಣಚಿನ ಬಂಡೆ) ಆದರೆ 15.60, ಅಂದರೆ 2.65. ಜೇಡ್‌ನಂತೆ ಕಾಣುವ ಸರ್ಪೆಂಟೈನ್ ಕಲ್ಲು 2.57ರ ಸುತ್ತ, ಅಮೃತಶಿಲೆ 2.7, ಜೇಡೈಟ್ 3.33. ಕಲ್ಲಿಗೆ ಗಾಳಿಗುಳ್ಳೆ ಅಂಟಿದ್ದರೆ ಸಾಂದ್ರತೆ ಕಡಿಮೆ ಬರುತ್ತದೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬಿಟ್ಟರೆ ಗುಳ್ಳೆ ನಿಲ್ಲುವುದಿಲ್ಲ. ಐದು ಗ್ರಾಂಗಿಂತ ಸಣ್ಣ ಮಣಿಗೆ ಈ ಲೆಕ್ಕ ನೆಚ್ಚಬೇಡಿ, ಲೋಹ ಕೂರಿಸಿದ್ದಕ್ಕೂ ಬೇಡ.

ಗಾಜನ್ನು ಗೀರುತ್ತದೆ, ಕೈಗೆ ತಣ್ಣಗಿದೆ, ಕೂದಲು ಸುತ್ತಿ ಬೆಂಕಿ ಹಿಡಿದರೆ ಕೂದಲು ಸುಡುವುದಿಲ್ಲ ಎಂಬ ಪರೀಕ್ಷೆಗಳೆಲ್ಲ ಸಂತೆಯ ಮಾತು. ಬೆಣಚುಕಲ್ಲೂ ಈ ಮೂರರಲ್ಲಿ ಪಾಸಾಗುತ್ತದೆ. ಮೈಸೂರು, ಚೆನ್ನೈ ಕಡೆಯ ಹಸಿರು ಅವೆಂಚುರಿನ್‌ಗೆ 'ಇಂಡಿಯನ್ ಜೇಡ್' ಎಂಬ ವ್ಯಾಪಾರದ ಹೆಸರಿದೆ, ಅದೂ ಅಭ್ರಕ ಸೇರಿದ ಬೆಣಚೇ. ಬಳೆ, ಸರಕ್ಕೆ ಚೆನ್ನಾಗಿದೆ, ನೆಫ್ರೈಟ್ ದರ ಕೊಡಬೇಡಿ.

ಹೂಡಿಕೆ ಎಂದು ಕೊಳ್ಳುವವರಿಗೆ ಒಂದು ಮಾತು ಒರಟಾಗಿಯೇ ಹೇಳಬೇಕು. ಚಿನ್ನಕ್ಕೆ ದಿನದ ದರವಿದೆ, ಜೇಡ್‌ಗೆ ಇಲ್ಲ. ಗ್ರಾಂ ಲೆಕ್ಕದಲ್ಲಿ ಹೇಳುವ ದರ ಮಾರುವವರದ್ದು, ಕೊಳ್ಳುವವರ ದರ ಬೇರೆ. ನಮ್ಮ ದೇಶದಲ್ಲಿ ಇದಕ್ಕೆ ಗಿರವಿಯೂ ಇಲ್ಲ, ಮರುಮಾರಾಟದ ಪೇಟೆಯೂ ಇಲ್ಲ. ಹೆನಾನ್‌ನ ಶಿಫೋಸಿ ಅಥವಾ ಸೂಝೌ ಮಾರುಕಟ್ಟೆಗೆ ನೀವು ಹೋಗಿ ಮಾರಲಾರಿರಿ. 'ಮೂರು ವರ್ಷ ಬಿಟ್ಟು ನಾವೇ 20 ಶೇಕಡಾ ಜಾಸ್ತಿ ಕೊಟ್ಟು ವಾಪಸ್ ಕೊಳ್ಳುತ್ತೇವೆ' ಎಂಬ ಪತ್ರಕ್ಕೆ ಬರೆದುಕೊಟ್ಟವರು ಮೂರು ವರ್ಷ ಇದ್ದರೆ ತಾನೇ ಬೆಲೆ.

'ಚಿಂಗ್ ಅರಸರ (ಚೀನಾದ ಕೊನೆಯ ರಾಜವಂಶ) ಕಾಲದ್ದು' ಎಂದು ಚೀನಾದಿಂದ ಕೊರಿಯರ್‌ನಲ್ಲಿ ಬರುವ ವಸ್ತುಗಳ ಬಗ್ಗೆ ಉದ್ದ ಬೇಡ. 1911ಕ್ಕೆ ಮುಂಚಿನ ಪುರಾತನ ವಸ್ತುಗಳನ್ನು ಹೊರದೇಶಕ್ಕೆ ಕಳುಹಿಸುವುದಕ್ಕೆ ಚೀನಾದಲ್ಲಿ ನಿರ್ಬಂಧವಿದೆ. ಹಾಗಾಗಿ ಅದು ನಕಲಿ, ಇಲ್ಲವೇ ಕಳ್ಳಮಾಲು. ಹಳೆಯ ನೆಫ್ರೈಟ್ ಕೆಲಸ ಹೇಗಿರುತ್ತದೆ ಎಂದು ಕಣ್ಣು ಪಳಗಿಸಿಕೊಳ್ಳಬೇಕಾದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಮೊಗಲ್ ಜೇಡ್ ಕೋಣೆಯಲ್ಲಿ ಅರ್ಧ ದಿನ ಕಳೆಯಿರಿ.

ದುಡ್ಡು ಕೊಡುವ ದಾರಿಯಲ್ಲೂ ಆ ಸಂಗ್ರಾಹಕರು ಸಿಕ್ಕಿಬಿದ್ದರು. ಮಾರಿದವರು ಇಲ್ಲಿನ 'ಏಜೆಂಟ್' ಒಬ್ಬರ ಖಾತೆಗೆ ಯುಪಿಐ ಮಾಡಿಸಿಕೊಂಡು, ಪಾರ್ಸೆಲ್ ಮೇಲೆ 'ಕಲ್ಲಿನ ಕರಕುಶಲ ವಸ್ತು, ಉಡುಗೊರೆ, 20 ಡಾಲರ್' ಎಂದು ಬರೆದಿದ್ದರು. ಸುಂಕ ಉಳಿಯಿತೆಂದು ಖುಷಿಪಟ್ಟದ್ದೇ ಬಂತು. ವಿವಾದ ಎದ್ದಾಗ ಕೈಯಲ್ಲಿದ್ದ, ಕಲ್ಲಿನ ಬೆಲೆ ಬರೆದ ಏಕೈಕ ದಾಖಲೆ 20 ಡಾಲರ್‌ನದ್ದು. ಕಸ್ಟಮ್ಸ್ ಹಿಡಿದಿದ್ದರೆ ಕಡಿಮೆ ಬೆಲೆ ತೋರಿಸಿದ್ದಕ್ಕೆ ಉತ್ತರ ಕೊಡಬೇಕಾದವರೂ ಆ ಸಂಗ್ರಾಹಕರೇ. ಪೂರ್ತಿ ಬೆಲೆಯ ಇನ್‌ವಾಯ್ಸ್, ಅದರಲ್ಲಿ 'ಹೆಟಿಯನ್ ನದಿಯ ಝಿಲಿಯಾವ್, ಸಹಜ ಸಿಪ್ಪೆ, ಬಣ್ಣ ಹಾಕಿಲ್ಲ' ಎಂಬ ಬರಹ, ಕ್ರೆಡಿಟ್ ಕಾರ್ಡ್ ಪಾವತಿ, ಇಷ್ಟಕ್ಕೆ ಒಪ್ಪದವರ ಹತ್ತಿರ ಕೊಳ್ಳಬೇಡಿ.

ಈಗಾಗಲೇ ಕೊಂಡಾಗಿದ್ದರೆ: ಪಾರ್ಸೆಲ್ ತೆರೆಯುವುದನ್ನು ನಿಲ್ಲಿಸದೆ ಒಂದೇ ವಿಡಿಯೋದಲ್ಲಿ ತೂಕದ ಸಮೇತ ಹಿಡಿಯಿರಿ. ಕೆತ್ತಿಸಬೇಡಿ, ತೂತು ಕೊರೆಸಬೇಡಿ, ಎಣ್ಣೆ ಹಚ್ಚಬೇಡಿ. ಲೈವ್‌ನ ಸ್ಕ್ರೀನ್ ರೆಕಾರ್ಡಿಂಗ್, ಚಾಟ್ ಎಲ್ಲ ಉಳಿಸಿ, ಅಂಗಡಿ ಮಾಯವಾದರೆ ಅವೂ ಮಾಯವಾಗುತ್ತವೆ. ಕ್ರೆಡಿಟ್ ಕಾರ್ಡ್‌ನಲ್ಲಿ ದುಡ್ಡು ಕೊಟ್ಟಿದ್ದರೆ ಬ್ಯಾಂಕಿಗೆ ತಡಮಾಡದೆ ತಕರಾರು ಹಾಕಿ, ಯುಪಿಐ ಆಗಿದ್ದರೆ ಆ ದಿನವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಖಾತೆಯಲ್ಲಿ ಹಣ ಉಳಿದಿದ್ದರೆ ತಡೆಹಿಡಿಸಬಹುದು. ಜೈಪುರ ಅಥವಾ ಮುಂಬೈನ ಪರೀಕ್ಷಾಲಯಕ್ಕೆ ಕಲ್ಲು ಕಳುಹಿಸುವಾಗ 'ಇದು ಜೇಡ್ ಹೌದೇ' ಎಂದಷ್ಟೇ ಬರೆಯಬೇಡಿ. 'ಮೇಲ್ಮೈಯ ಬಣ್ಣ ಸಹಜವೇ, ಹಾಕಿದ್ದೇ. ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತು) ತುಂಬಿಸಿದ್ದಾರೆಯೇ' ಎಂದು ಪ್ರತ್ಯೇಕವಾಗಿ ಕೇಳಿ, ಆ ಪರೀಕ್ಷೆ ಅವರಲ್ಲಿ ಆಗುತ್ತದೆಯೇ ಎಂದು ಮೊದಲೇ ಫೋನ್‌ನಲ್ಲಿ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ನೆಫ್ರೈಟ್ ಎಂಬ ಇನ್ನೊಂದು ಕಾರ್ಡ್‌ಗೆ ಶುಲ್ಕ ಕಟ್ಟಿದಂತಾಗುತ್ತದೆ.